ಕಡಲಿಗೆ ಬೆನ್ನು ಕೊಡಬೇಡಿ ಎನ್ನುವ ಕಾಲುವೆಯ ಈಜುಗಾರ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಂಗಳೂರಿನ ಉತ್ತರಕ್ಕಿರುವ ಕಡಲತೀರದಲ್ಲಿ ವೆಂಕೋಬ ಮೊಣಕಾಲುದ್ದ ನೀರಿನಲ್ಲಿ ನಿಂತು ಅಲೆಗಳನ್ನು ನೋಡುತ್ತಿದ್ದಾನೆ. ಕಂಕುಳಲ್ಲಿ ಕೆಂಪು ಬಾವುಟದ ಕೋಲುಗಳು. ನಿನ್ನೆ ನೆಟ್ಟ ಜಾಗ ಇವತ್ತು ಕೆಲಸಕ್ಕೆ ಬರುವುದಿಲ್ಲ. ಒಂದೇ ರಾತ್ರಿಯಲ್ಲಿ ಕಡಲು ತನ್ನ ಮರಳನ್ನೆಲ್ಲ ಆ ಕಡೆ ಈ ಕಡೆ ಸರಿಸಿಬಿಟ್ಟಿರುತ್ತದೆ. ಅಬ್ಬರಿಸಿ ನೊರೆ ಕಾರುವ ಅಲೆಗೆ ಆತ ಅಂಜುವವನಲ್ಲ. ನಡುವೆ ಒಂದು ಕಡೆ ಅಲೆಯೇ ಏಳದೆ, ನೀರು ರಾಡಿ ಬಣ್ಣಕ್ಕೆ ತಿರುಗಿ, ಪಾಪದ ಹಸುವಿನ ಹಾಗೆ ಸುಮ್ಮನಿದೆಯಲ್ಲ, ಅದನ್ನು ಕಂಡರೇ ಹುಬ್ಬು ಗಂಟಿಕ್ಕುತ್ತದೆ.

"ದಂಡಿಗೆ ಬಂದ ನೀರು ವಾಪಸ್ ಹೋಗಾಕ ಒಂದು ಓಣಿ ಮಾಡ್ಕೊಂತೈತ್ರಿ. ಮಂದಿ ನೋಡ್ತಾರ, ಇಲ್ಲಿ ತೆರಿ ಇಲ್ಲ, ಭಾಳ ಛಲೋ ಐತಿ ಅಂತ ಬರೋಬ್ಬರಿ ಅಲ್ಲೇ ಇಳೀತಾರ. ಆ ಓಣ್ಯಾಗ ಕಾಲಿಟ್ರ ಮುಗೀತು, ಸೀದಾ ಒಳಗ ಎಳಕೊಂಡು ಹೋಗ್ತೈತಿ," ಎನ್ನುತ್ತಾ ಓಣಿಯ ಎರಡೂ ಬದಿಗೆ ಕೋಲು ಹೂಳುತ್ತಾನೆ. ಕೈ ಕೆಲಸ ಮಾಡುತ್ತಿದ್ದರೂ ಮನಸ್ಸು ಇಲ್ಲಿಲ್ಲ. ಇವತ್ತು ಗಣಪತಿ ಕಳಿಸುವ ದಿನ.

ಸಂಜೆ ಬರುವ ಮೆರವಣಿಗೆಗಳಲ್ಲಿ ಒಂದು ವೆಂಕೋಬನ ಮಂದಿಯದೇ. ಕುಷ್ಟಗಿ, ಯಲಬುರ್ಗಾ, ಗಂಗಾವತಿ ಕಡೆಯಿಂದ ಬಂದು ಈ ಊರಿನ ಕಟ್ಟಡಗಳಿಗೆ ಇಟ್ಟಿಗೆ, ಸಿಮೆಂಟು ಹೊರುವವರದು. ಅವರ ಹಿರಿಯರು ತಾವರಗೇರಾದ ದೊಡ್ಡಬಸಪ್ಪ ಮೇಸ್ತ್ರಿ. ವೆಂಕೋಬನನ್ನು ಇಲ್ಲಿಗೆ ಕರೆತಂದು, ಮೊದಲ ಕೆಲಸ ಕೊಟ್ಟು, ತಮ್ಮ ಗಂಗಾಳದಲ್ಲೇ ಉಣ್ಣಿಸಿದವರು. ಈ ಸಲ ಗಣಪ್ಪನ ಹಿಂದೆ ತಾವೇ ನೀರಿಗಿಳಿಯುತ್ತೇವೆಂದು ಅವರು ಹಟ ಹಿಡಿದಿದ್ದಾರೆ. ಅವರಿಗೆ ಈಜು ಬಾರದು.

ವೆಂಕೋಬನಿಗೆ ಈಜು ಕಲಿಸಿದ್ದು ತುಂಗಭದ್ರೆಯ ಎಡದಂಡೆ ಕಾಲುವೆ. ಊರು ಗಂಗಾವತಿಯಿಂದಾಚೆ, ಕಾಲುವೆಯ ಏರಿಗೆ ಅಂಟಿಕೊಂಡ ಹಳ್ಳಿ. ಎಮ್ಮೆ ಬಿತ್ತು, ಕೊಡ ತೇಲಿಹೋಯಿತು, ಯಾರದೋ ಸೈಕಲ್ಲು ಉರುಳಿತು ಎಂದರೆ ಮೊದಲು ಧುಮುಕುತ್ತಿದ್ದವನು ಈತ. "ಕಾಲುವಿ ಬದಿಗೆ ಸಿಮೆಂಟ್ ಹಾಕ್ಯಾರ, ಪಾಚಿ ಕಟ್ಟೈತಿ, ಹಿಡಿಯಾಕ ಏನೂ ಸಿಗಂಗಿಲ್ರಿ. ನೀರಿನ ಎದುರು ಈಜಾಕ ಹೋದ್ರ ಸಾಯೋದ. ನೀರಿನ ಜೋಡಿ ಹೋಗ್ಕೋತ ಹೋಗ್ಕೋತ ಸಣ್ಣಗ ಅಡ್ಡ ಸರೀಬೇಕು." ಗಾರೆ ಕೆಲಸಕ್ಕೆಂದು ಮಂಗಳೂರಿಗೆ ಬಂದವನು ಮೊದಲ ರಜೆಯಲ್ಲಿ ಕಡಲು ನೋಡಲು ಬಂದು, ಒಂದು ಬೊಗಸೆ ನೀರು ಕುಡಿದು, ಥೂ ಎಂದು ಉಗಿದಿದ್ದನಂತೆ. ಇನ್ನೊಂದು ರಜೆಯಲ್ಲಿ ಮುಳುಗುತ್ತಿದ್ದ ಕಾಲೇಜು ಹುಡುಗಿಯೊಬ್ಬಳನ್ನು ಹೀಗೇ ಅಡ್ಡ ಸರಿದು ತಂದ. ಅಂದು ನೋಡಿದವರೊಬ್ಬರು ಕರೆದು ಕಾವಲಿಗೆ ನಿಲ್ಲಿಸಿದರು. ಹಳದಿ ಅಂಗಿ, ಕೊರಳಲ್ಲಿ ಸೀಟಿ, ಗುತ್ತಿಗೆಯ ನೌಕರಿ. ದಿನವಿಡೀ ಸೀಟಿ ಊದಿ ಸಂಜೆ ಹೊತ್ತಿಗೆ ದವಡೆ ಸೆಟೆದುಕೊಂಡಿರುತ್ತದೆ. ನೀರಿಗಿಳಿದವರಿಂದ ತಿನ್ನುವ ಬೈಗುಳಕ್ಕಂತೂ ಲೆಕ್ಕವೇ ಇಲ್ಲ.

ಮಳೆ ಹಿಂದೆ ಸರಿದಿದೆ. ಬೋಟುಗಳು ಮತ್ತೆ ಕಡಲಿಗಿಳಿದಿವೆ, ಮೀನು ಇಳಿಸುವ ಧಕ್ಕೆಯಲ್ಲಿ ಬಂಗುಡೆ ಬುಟ್ಟಿಗಳ ನೂಕುನುಗ್ಗಲು, ಗಲ್ಲಿಗಲ್ಲಿಯಲ್ಲಿ ಹುಲಿವೇಷದವರು ತಾಸೆಯ ಪೆಟ್ಟಿಗೆ ಹೆಜ್ಜೆ ಕೂಡಿಸುತ್ತಿದ್ದಾರೆ. ಬಿಸಿಲು ಕಂಡದ್ದೇ ತಡ, ಪ್ರವಾಸಿ ಬಸ್ಸುಗಳು ಸಾಲುಗಟ್ಟುತ್ತವೆ. ಊರಿಗೆ ಬಂದವರು ನೀರಿಗೆ ಬಾರದಿರುತ್ತಾರೆಯೇ! ಬರುತ್ತಾರೆ, ಕಡಲಿಗೆ ಬೆನ್ನು ಮಾಡಿ ನಿಂತು ಫೋಟೊಗೆ ಹಲ್ಲು ಕಿರಿಯುತ್ತಾರೆ. ಜೊತೆಗೆ ಕಾವಲಿರುವ ಸಾದಿಕ ಇದೇ ತೀರದಲ್ಲಿ ಹುಟ್ಟಿ ಬೆಳೆದವನು. "ಮೇಲೆ ನೋಡಿದ್ರೆ ಎಂತ ಇಲ್ಲ ಮಾರಾಯ್ರೆ. ಅಡಿಯಲ್ಲಿ ಇನ್ನೂ ಮಳೆಗಾಲವೇ ಉಂಟು," ಎನ್ನುತ್ತಾನೆ.

ಮೇಸ್ತ್ರಿಯೊಂದಿಗೆ ಜಗಳ ಶುರುವಾದದ್ದು ಒಂದು ಹಿಡಿ ಮರಳಿಗೆ. ಗಣಪ್ಪನನ್ನು ನೀರಿಗೆ ಬಿಟ್ಟಮೇಲೆ ಆತ ಕುಳಿತಿದ್ದ ಮಣೆಯನ್ನು ಬರಿದಾಗಿ ಒಯ್ಯುವಂತಿಲ್ಲ. ಆತ ಮುಳುಗಿದಲ್ಲಿಂದ ಒಂದು ಹಿಡಿ ಮಣ್ಣು ಮಣೆಯ ಮೇಲಿಟ್ಟು, ವರ್ಷವಿಡೀ ಮನೆ ಕಾಯಲೆಂದು ಮನೆಗೆ ತರಬೇಕು. ಅದನ್ನು ತರುವಾಗ ಕಳಿಸಿದ ದೇವರನ್ನು ತಿರುಗಿ ನೋಡಬಾರದೆಂದು ಮೇಸ್ತ್ರಿಯ ಮನೆತನದ ಕಟ್ಟುಪಾಡು. ಊರ ಬಾವಿಯಲ್ಲಿ, ಕೆರೆಯಲ್ಲಿ ಇದರಿಂದ ಯಾರಿಗೂ ತೊಂದರೆಯಾದದ್ದಿಲ್ಲ. ಅಲ್ಲಿಯ ನೀರು ಹಿಂದಿನಿಂದ ಬಂದು ಬೀಳುವುದಿಲ್ಲವಲ್ಲ.

ಹಬ್ಬಕ್ಕೆ ಮುಂಚೆಯೇ ವೆಂಕೋಬ ಮೇಸ್ತ್ರಿಯ ಮಂದಿ ಇರುವ ಶೆಡ್ಡಿಗೆ ಹೋಗಿ ಕೈಮುಗಿದು ಹೇಳಿದ್ದಾನೆ: "ಕಾಕಾ, ಗಣಪ್ಪನ್ನ ದಂಡ್ಯಾಗ ನಮ್ಮ ಕೈಗೆ ಕೊಡ್ರಿ, ನಾನೂ ಸಾದಿಕನೂ ಬಿಟ್ಟು ಬರ್ತೀವಿ. ಒಂದು ಬುಟ್ಟಿ ಉಸುಕೂ ನಾನ ತುಂಬಿ ಇಟ್ಟಿರ್ತೀನಿ." ದೊಡ್ಡಬಸಪ್ಪ ಎಲೆಯಡಿಕೆ ಉಗಿದು ಗುಡುಗಿದ್ದಾರೆ: "ಬುಟ್ಟ್ಯಾಗಿನ ಉಸುಕು ಮನಿ ಕಟ್ಟಾಕ ಲೇ ವೆಂಕ್ಯಾ, ಮನಿ ಕಾಯಾಕಲ್ಲ. ನನಗ ನೀರು ತೋರಿಸ್ತೀಯೇನು? ನಿನಗ ಈ ಊರು ತೋರಿಸಿದಾಂವ ನಾನು!" ನೆರೆದವರೆಲ್ಲ ಹೋ ಎಂದು ನಕ್ಕಿದ್ದಾರೆ. ಆ ಮಾತು ವೆಂಕೋಬನಿಗೆ ನಾಟಿದೆ.

"ಅವತ್ತಿನಿಂದ ಮನ್ಯಾಗ ಮಾತಿಲ್ಲ ಕತಿ ಇಲ್ರಿ," ಎನ್ನುತ್ತಾಳೆ ಹೆಂಡತಿ ಮುದಕಮ್ಮ. "ಉಣ್ಣಾಕ ಕುಂತ್ರ ಸಮುದ್ರ ನೋಡಿದಂಗ ಗಂಗಾಳ ನೋಡ್ತಾರ. ಕಾಕಾಗ ಏನರ ಆದ್ರ ಊರಿಗೆ ಯಾವ ಮಾರಿ ತಗೊಂಡು ಹೋಗಲಿ ಅಂತಾರ."

ಹೊತ್ತು ಇಳಿಯುವ ಮುಂಚೆ ಡೊಳ್ಳು ಕೇಳಿಸುತ್ತದೆ. ಗುಲಾಲಿನಲ್ಲಿ ಮಿಂದ ಮಂದಿ, ತಲೆಯ ಮೇಲೆ ಗಣಪ್ಪ, ಮುಂದೆ ತಲೆಗೆ ಹೊಸ ಪಟಗ ಸುತ್ತಿದ ದೊಡ್ಡಬಸಪ್ಪ. ವೆಂಕೋಬ ಅವರಿಗೆ ಅಡ್ಡ ಹೋಗಿ ನಿಲ್ಲುತ್ತಾನೆ. ಆದರೆ ದೇವರು ದೊಡ್ಡವನು, ಮೇಸ್ತ್ರಿ ಅಲೆಯ ಅಬ್ಬರ ಕಂಡು ಮೂರ್ತಿಯನ್ನು ಇಳಿಸಿ ವೆಂಕೋಬನ ಕೈಗಿಡುತ್ತಾರೆ. ಗೆದ್ದೆ ಎಂದುಕೊಳ್ಳುತ್ತಾನೆ ಆತ. ಸಾದಿಕನೊಂದಿಗೆ ಎದೆಮಟ್ಟದ ನೀರಿಗೆ ಹೋಗಿ, ಮೂರು ಸಲ ಅದ್ದಿ, ಕೈಬಿಟ್ಟು, ದಡದ ಕಡೆ ಹೊರಳುತ್ತಾನೆ.

ಹೊರಳಿದರೆ ಏನು ನೋಡುವುದು! ದೊಡ್ಡಬಸಪ್ಪ ಮಣೆ ಹಿಡಿದು ನೀರಿನೊಳಗಿದ್ದಾರೆ. ಅಲೆಗಳ ಗಲಾಟೆ ಬೇಡವೆಂದು ಬಾವುಟ ದಾಟಿ, ನೀರು ಸುಮ್ಮನಿರುವ ಕಡೆ ಸರಿದಿದ್ದಾರೆ. ದೇವರನ್ನು ತಿರುಗಿ ನೋಡಬಾರದೆಂದು ಕಡಲಿಗೆ ಬೆನ್ನು ಕೊಟ್ಟು, ಮರಳಿಗಾಗಿ ಬಗ್ಗಿದ್ದಾರೆ.

"ಕಾಕಾ! ಏಳ್ರಿ, ಏಳ್ರಿ!" ಸೀಟಿಯೂ ಕೂಗೂ ಡೊಳ್ಳಿನಲ್ಲಿ ಮುಳುಗಿಹೋಗುತ್ತವೆ. ಹಿಂದಿನಿಂದ ಬಂದ ನೀರು ಮೇಸ್ತ್ರಿಯ ಸೊಂಟಕ್ಕೆ ಬಡಿಯುತ್ತದೆ, ವಾಪಸ್ಸು ಹೋಗುವ ನೀರು ಕಾಲು ಕೀಳುತ್ತದೆ. ಅಷ್ಟೇ. ಪಟಗವೊಂದು ಕಡೆ, ಮನುಷ್ಯ ಒಂದು ಕಡೆ.

ದಡದಲ್ಲಿದ್ದ ಗಂಡಸರು ಕೈಕೈ ಹಿಡಿದು ನೀರಿಗೆ ನುಗ್ಗುತ್ತಾರೆ. ಅಯ್ಯೋ, ಒಬ್ಬರಿಗಾದರೂ ಈಜು ಬರಬೇಕಲ್ಲ! "ಮಂದೀನ್ನ ಹಿಡಿ ಸಾದಿಕ, ಒಬ್ಬನ್ನೂ ಬಿಡಬ್ಯಾಡ!" ಎಂದು ಕೂಗಿ ವೆಂಕೋಬ ಜೊತೆಗೆ ತಂದಿದ್ದ ತೇಲುವ ಟ್ಯೂಬನ್ನು ಹೆಗಲಿಗೆ ಸಿಕ್ಕಿಸಿಕೊಂಡು ತಾನೇ ಆ ಓಣಿಗೆ ಧುಮುಕುತ್ತಾನೆ. ಕಡಲು ಇವನನ್ನೂ ಸರಸರನೆ ಒಳಗೆ ಒಯ್ಯುತ್ತದೆ. ಇವನಿಗೆ ಬೇಕಿದ್ದದ್ದೂ ಅದೇ, ಮೇಸ್ತ್ರಿಯನ್ನು ಒಯ್ದ ನೀರೇ ಇವನನ್ನೂ ಅವರಿರುವಲ್ಲಿಗೆ ಮುಟ್ಟಿಸುತ್ತದೆ.

ಸಿಕ್ಕ ಕೂಡಲೇ ದೊಡ್ಡಬಸಪ್ಪ ಎರಡೂ ಕೈಯಿಂದ ಕೊರಳು ತಬ್ಬುತ್ತಾರೆ. ಜೀವಭಯದ ಹಿಡಿತ, ಬಿಡಿಸುವಂಥದ್ದಲ್ಲ. ವೆಂಕೋಬ ಉಸಿರು ಕಟ್ಟಿ ಬೇಕೆಂದೇ ಮುಳುಗುತ್ತಾನೆ. ಹಿಡಿತ ಸಡಿಲುತ್ತದೆ. ಬೆನ್ನ ಹಿಂದೆ ಎದ್ದು ಮೇಸ್ತ್ರಿಯ ನೆರೆತ ಕೂದಲಿಗೆ ಕೈ ಹಾಕಿ, ಮುಖ ಮೇಲೆತ್ತಿ, ಟ್ಯೂಬು ಸಿಕ್ಕಿಸುತ್ತಾನೆ. ಆಮೇಲೆ ದಡದ ಕಡೆಗಲ್ಲ, ಪಕ್ಕಕ್ಕೆ ಈಜತೊಡಗುತ್ತಾನೆ.

"ದಂಡಿ ಆ ಕಡಿ ಐತಲೇ! ಎತ್ತಾಗ ಒಯ್ಯಾಕತ್ತಿ?" ಎಂದು ನೀರುಗುಳುತ್ತಾ ಮೇಸ್ತ್ರಿ ಕಿರುಚುತ್ತಾರೆ. ದಡದವರಿಗೂ ಹಾಗೆಯೇ ಕಾಣುತ್ತದೆ. "ಒಯ್ದಾ! ಕಾಕಾನ್ನ ಒಳಗ ಒಯ್ದಾ!" ಎಂದು ಹೆಂಗಸರು ಎದೆ ಬಡಿದುಕೊಳ್ಳುತ್ತಾರೆ. ಸಾದಿಕ ಎರಡೂ ಕೈ ಚಾಚಿ ಗಂಡಸರನ್ನು ತಡೆಯುತ್ತಾನೆ. ಯಾರೋ ಅವನ ಅಂಗಿ ಹರಿಯುತ್ತಾರೆ, ಇನ್ನಾರೋ ಕೆನ್ನೆಗೆ ಹೊಡೆಯುತ್ತಾರೆ. "ಹೊಡೀರಿ ಮಾರಾಯ್ರೆ, ಆದ್ರೆ ನೀರಿಗೆ ಹೋಗ್ಲಿಕ್ಕೆ ಬಿಡುದಿಲ್ಲ," ಎನ್ನುತ್ತಾನೆ ಆತ. ಎರಡು ತಲೆಗಳು ಅಲೆಯ ಹಿಂದೆ ಮರೆಯಾಗುತ್ತವೆ. ಡೊಳ್ಳು ನಿಂತಿದೆ.

ಬಹಳ ದೂರದಲ್ಲಿ, ಮೀನುಗಾರರು ಬಲೆ ಒಣಗಿಸುವಲ್ಲಿ, ದೊಡ್ಡದೊಂದು ಅಲೆ ಒಡೆದು ಇಬ್ಬರನ್ನೂ ದಡಕ್ಕೆ ತಳ್ಳುತ್ತದೆ. ಮಂದಿ ಓಡುತ್ತಾರೆ. ದೊಡ್ಡಬಸಪ್ಪ ಬೋರಲು ಬಿದ್ದು ಕಾರಿಕೊಳ್ಳುತ್ತಿದ್ದಾರೆ. ಮಣೆ ಇಲ್ಲ, ಪಟಗ ಇಲ್ಲ. ಕಣ್ಣು ಬಿಟ್ಟು, ಉಸಿರು ಕೂಡಿಸಿಕೊಂಡು, ಸುತ್ತ ನಿಂತವರನ್ನು ನೋಡಿ ಮೇಸ್ತ್ರಿ ಆಡಿದ ಮೊದಲ ಮಾತು: "ಹಿರ್ಯಾರ ಕೂದಲಾ ಹಿಡೀತಿ ಏನಲೇ, ಎಲ್ಲಾರ ಮುಂದ?" ವೆಂಕೋಬ ಪಾದ ಮುಟ್ಟಿ ತಪ್ಪಾಯಿತೆಂದರೂ ಸಿಟ್ಟು ಇಳಿಯುವುದಿಲ್ಲ. ಆಸ್ಪತ್ರೆಗೆ ಒಯ್ಯುವ ಆಟೊ ಹತ್ತುವಾಗಲೂ ಮೇಸ್ತ್ರಿ ವೆಂಕೋಬನತ್ತ ಮುಖ ತಿರುಗಿಸುವುದಿಲ್ಲ.

ಮರುದಿನ ಬೆಳಿಗ್ಗೆ ವೆಂಕೋಬ ಮತ್ತೆ ನೀರಿನಲ್ಲಿದ್ದಾನೆ. ಕೊರಳ ಸುತ್ತ ಉಗುರಿನ ಗೀರುಗಳು, ಉಪ್ಪುನೀರಿಗೆ ಉರಿಯುತ್ತಿವೆ. ದೊಡ್ಡ ಆಸೆಗಳೇನೂ ಇಲ್ಲ ಈತನಿಗೆ. "ನಮ್ಮ ಕಡಿ ಮಂದಿ ಸಮುದ್ರಕ್ಕ ಬೆನ್ನು ಕೊಡೋದು ಬಿಟ್ರ ಸಾಕ್ರಿ. ಬರೋ ವರ್ಷ ಹಬ್ಬದ ಮುಂಚೆ ಶೆಡ್ಡಿಗೆ ಹೋಗಿ ಮತ್ತ ಕೈ ಮುಗೀತೀನಿ," ಎನ್ನುತ್ತಾನೆ.

ಅಷ್ಟರಲ್ಲಿ ಮುದಕಮ್ಮನ ಫೋನು. ಕಾಕಾ ಆಸ್ಪತ್ರೆಯಿಂದ ಬಂದಿದ್ದಾರಂತೆ, ಶೆಡ್ಡಿನ ಮುಂದೆ ಕೂತು ಚಹಾ ಕುಡಿಯುತ್ತಾ, ಬಂದವರಿಗೆಲ್ಲ ಕೂದಲು ಹಿಡಿದ ಕತೆ ಹೇಳಿ, ವೆಂಕೋಬನ ವಂಶವನ್ನೇ ಬೈಯುತ್ತಿದ್ದಾರಂತೆ. ವೆಂಕೋಬ ಕೇಳುತ್ತಾ ನಿಲ್ಲುತ್ತಾನೆ. ಎಷ್ಟೋ ದಿನದ ಮೇಲೆ ಮುಖದ ಗಂಟು ಬಿಚ್ಚುತ್ತದೆ, ಕಣ್ಣು ತುಂಬುತ್ತದೆ.

"ಬೈಲಿ ಬಿಡು," ಎನ್ನುತ್ತಾನೆ. "ಬೈಯಾಕ ಕಾಕಾ ಅದಾರಲ್ಲ."