ಮಗ್ಗದ ಫ್ಯೂಜ್ ಕಿತ್ತವಳು ನಾನು

ನನಗಾಗ ಅರವತ್ತೆರಡು. ಇದಾಗಿ ಹನ್ನೊಂದು ವರ್ಷ. ಶಹಾಪುರದ ನಮ್ಮ ಮನೆಯ ಮಗ್ಗದ ಫ್ಯೂಜನ್ನು ದಿನಾ ಬೆಳಿಗ್ಗೆ ಕೀಳುತ್ತಿದ್ದವಳು ನಾನೇ, ಪರಶುರಾಮ. ಖಾನಾಪುರದಿಂದ ಮೊದಲ ಬಸ್ಸಿಗೆ ಬಂದು ಆ ಮಗ್ಗ ನಡೆಸುತ್ತಿದ್ದವನು ನೀನು. ಕರೆಂಟ್ ಹೋಯಿತೆಂದು ನೀನು ಹೊರಗೆ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದೆ. ಕರೆಂಟ್ ಹೋಗಿರುತ್ತಿರಲಿಲ್ಲ.

ಮೊಮ್ಮಗಳು ಗಂಗಾ ಆಗ ಐದು ವರ್ಷದವಳು. ಎದ್ದರೆ ಹಾಡು. ನಾನು ಎರಡನೇ ಇಯತ್ತೆಗೆ ಸಾಲಿ ಬಿಟ್ಟವಳು, ಆದರೆ ಬೀಸುವಾಗಿನ ಹಾಡು ಒಂದಿಷ್ಟು ಬರುತ್ತವೆ — ಒಂದೊಂದೇ ಸಾಲು ಹೇಳಿಕೊಡುತ್ತಿದ್ದೆ. ಗೋಡೆಯಾಚೆ ಮಗ್ಗ ಧಡಧಡ. ನಾನು ಹೇಳಿದ್ದು ಅವಳಿಗೆ ಕೇಳಿಸದು. ಮಗ್ಗವನ್ನು ಮೀರಿಸಲು ಕೂಗಿ ಕೂಗಿ ಹುಡುಗಿಯ ಗಂಟಲು ಕಾಗೆಯದಾಗುತ್ತ ಬಂತು. ಮಗನಿಗೆ ಹೇಳಬಹುದಿತ್ತು — ಹೇಳಿ ಏನು? ಮಗಳು ಹಾಡಲೆಂದು ಮಗ್ಗ ನಿಲ್ಲಿಸುವ ಗಂಡಸಲ್ಲ ಅವನು. ಅವನು ನೂಲು ತರಲು ಹೋದಾಗ ಅರ್ಧ ತಾಸು ಫ್ಯೂಜ್ ಕಿತ್ತಿಟ್ಟು ಮತ್ತೆ ಹಾಕುತ್ತಿದ್ದೆ. ಅದಕ್ಕೆ ಇವತ್ತಿಗೂ ನಾಚಿಕೆ ಇಲ್ಲ. ಬೇಕಾದರೆ ಇನ್ನೊಮ್ಮೆ ಕೀಳುತ್ತೇನೆ.

ಆದರೆ ನಡೆಯುವ ಮಗ್ಗ ನಡುವೆ ನಿಂತು ಮತ್ತೆ ಹೊರಟರೆ ಸೀರೆಯಲ್ಲಿ ಅಡ್ಡ ಗೆರೆ ಬೀಳುತ್ತದೆ. ದಿನಕ್ಕೊಂದು ಗೆರೆ. ವ್ಯಾಪಾರಿ ಸೀರೆಗಳನ್ನು ವಾಪಸ್ ಒಗೆದ. ಮಗ ನಿನ್ನ ಮೇಲೆ ಬಿದ್ದ.

"ಮಗ್ಗ ಬಂದ್ ಮಾಡಿ ನಿದ್ದಿ ಹೊಡಿತೀಯೇನಲೇ? ಓಣ್ಯಾಗ ಎಲ್ಲಾರ ಮಗ್ಗ ನಡದಿದ್ವು."

"ಖರೇ ಹೇಳ್ತೀನ್ರಿ ಮಾಲಕರ, ಕರೆಂಟ್ ಹೋಗಿತ್ತು. ಆಯಿನ್ನ ಕೇಳ್ರಿ."

ಇಬ್ಬರೂ ನನ್ನ ಕಡೆ ತಿರುಗಿದಿರಿ. ನಾನು ರೊಟ್ಟಿ ಬಡಿಯುತ್ತಿದ್ದೆ. ಕೈ ನಿಲ್ಲಿಸಲಿಲ್ಲ.

"ಅಡಗಿಮನ್ಯಾಗ ಲೈಟ್ ಇತ್ತಪ," ಅಂದೆ.

ಇತ್ತು, ಖರೇ. ಮನೆಯ ಫ್ಯೂಜ್ ಬೇರೆ, ಮಗ್ಗದ್ದು ಬೇರೆ. ಅದನ್ನು ಹೇಳಲಿಲ್ಲ. ನೀನು ಸುಳ್ಳನಾದೆ, ಮಗ ಅವತ್ತೇ ಕೆಲಸ ಬಿಡಿಸಿದ. ನೀನು ನನ್ನನ್ನೊಮ್ಮೆ ನೋಡಿ, ಇನ್ನೂ ಬಿಚ್ಚದ ಬುತ್ತಿಯ ಗಂಟು ಎತ್ತಿಕೊಂಡು ಹೊರಟೆ — ನಿನಗೆ ಗೊತ್ತಾಗಿತ್ತೋ ಏನೋ.

ಗಂಗಾ ಈಗ ಚಲೋ ಹಾಡುತ್ತಾಳೆ. ಅದನ್ನು ನಿನ್ನ ಮುಂದಿಟ್ಟು ಮಾಫಿ ಕೇಳುವವಳಲ್ಲ ನಾನು. ನಿನ್ನ ಕೆಲಸ ಕಳೆದವಳು ನಾನು, ಅಷ್ಟೇ.

ನೀನು ಹೋದ ಮರುದಿನ ಬೆಳಿಗ್ಗೆ ಮಗ್ಗಕ್ಕೆ ಆಳಿರಲಿಲ್ಲ. ಮನೆ ತಣ್ಣಗಿತ್ತು. ಗಂಗಾಳನ್ನು ಎದುರಿಗೆ ಕೂರಿಸಿಕೊಂಡು ಪೂರಾ ಒಂದು ತಾಸು ಹಾಡಿಸಿದೆ.