ತಣ್ಣನೆ ಬಿಸಿಲು ತೋರಿಸಿದ ಆಂಟಿ

ಮೊನ್ನೆ ಇಂಡಿಯನ್ ಸ್ಟೋರಿನಲ್ಲಿ ಸಾಂಬ್ರಾಣಿಯ ಪೊಟ್ಟಣವೊಂದು ಒಡೆದಿತ್ತು. ಆ ಘಮ ಮೂಗಿಗೆ ಬಡಿದದ್ದೇ ತಡ, ಅಮೆರಿಕದ ಲೊಂಬಾರ್ಡಿನಲ್ಲಿ ನಾವು ಮೊದಲಿದ್ದ ಹಳೆಯ ಅಪಾರ್ಟ್‌ಮೆಂಟಿನ ಮೇಲಿನ ಮನೆಯ ಆಂಟಿ ನೆನಪಾದರು. ಮೈಸೂರಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾಗಿ, ಮಗಳ ಜೊತೆಗಿದ್ದವರು.

ನನ್ನ ಮಗಳು ಹುಟ್ಟಿ ವಾರ ಕಳೆದಿರಲಿಲ್ಲ, ಊರಲ್ಲಿ ಅಪ್ಪ ತೀರಿಕೊಂಡರು. ಹಸಿ ಬಾಣಂತಿ, ಹೋಗುವ ಮಾತೇ ಇರಲಿಲ್ಲ. ಅಮ್ಮನೂ ಬರುವಂತಿರಲಿಲ್ಲ. ಆಂಟಿಯೇ ಬಾಣಂತನಕ್ಕೆ ನಿಂತರು. ನಾನೋ, ಮಗುವಿನ ಮುಖ ನೋಡಿ ಖುಷಿಯಾದಾಗೆಲ್ಲ ಅಪ್ಪನಿಗೆ ದ್ರೋಹ ಮಾಡಿದೆ ಅನ್ನಿಸಿ ಮುಖ ತಿರುಗಿಸುತ್ತಿದ್ದೆ. ಬರಬರುತ್ತಾ ಅವಳನ್ನು ಎತ್ತಿಕೊಳ್ಳುವುದಕ್ಕೂ ಹಿಂಜರಿಕೆ...

ಒಂದು ಬೆಳಿಗ್ಗೆ ಆಂಟಿ ಮಗುವಿಗೆ ನೀರು ಹಾಕಿ, ಒಲೆಯ ಮೇಲೆ ಕೆಂಡ ಮಾಡಿ ಸಾಂಬ್ರಾಣಿ ಹೊಗೆ ಕೊಟ್ಟರು. ಸ್ಮೋಕ್ ಅಲಾರಂ ಬಾಯಿ ಬಡಿದುಕೊಂಡಿತು. ಇಡೀ ಬಿಲ್ಡಿಂಗಿನವರೆಲ್ಲ ಹೊರಗೆ! ಆಂಟಿ ಮಗುವನ್ನು ಕಂಬಳಿಯಲ್ಲಿ ಸುತ್ತಿ ಎದೆಗವಚಿಕೊಂಡರು. ಅವರ ಮಗಳ ಕಾರಿನೊಳಗೆ ಹೋಗಿ ಕೂತೆವು. ಸ್ವಲ್ಪ ಹೊತ್ತಿಗೆ ಫೈರ್ ಎಂಜಿನ್ನಿನ ಆಜಾನುಬಾಹುವೊಬ್ಬ ನಮ್ಮ ಧೂಪದ ಬಟ್ಟಲನ್ನು ಹಾವು ಹಿಡಿದವನ ಹಾಗೆ ಕೈ ಚಾಚಿ ಹಿಡಿದುಕೊಂಡು ಹೊರಬಂದ. ನಾನು ಕಿಸಕ್ಕನೆ ನಕ್ಕೆ. ಮರುಗಳಿಗೆಯೇ ಅಳು ನುಗ್ಗಿ ಬಂತು.

"ಅಪ್ಪನ ವೈಕುಂಠ ಸಮಾರಾಧನೆ ಕೂಡ ಆಗಿಲ್ಲ ಆಂಟಿ, ನಾನು ನಗ್ತಾ ಇದೀನಿ. ಎಂಥ ಮಗಳು ನಾನು!"

ಆಂಟಿ ಸಮಾಧಾನ ಹೇಳಲಿಲ್ಲ. "ವಿರೋಧಾಭಾಸ ಅಂದ್ರೇನು, ಹೇಳು," ಅಂದರು. ಒಳ್ಳೇ ಹೊತ್ತಲ್ಲಿ ಪರೀಕ್ಷೆ! ಆದರೂ ಮೂಗೊರೆಸಿಕೊಂಡು ಶಾಲೆಯ ಬಾಯಿಪಾಠ ಒಪ್ಪಿಸಿದೆ: ಒಂದಕ್ಕೊಂದು ಹೊಂದದ ಮಾತುಗಳನ್ನು ಜೊತೆಗಿಡುವುದು.

"ಹೊಂದಲ್ಲ ಅನ್ನೋದು ನಮ್ಮ ತಲೇಲಿ ಅಷ್ಟೇ. ಹೊರಗೆ ನೋಡು."

ಕಣ್ಣು ಕುಕ್ಕುವ ಬಿಸಿಲು. ಡ್ಯಾಶ್‌ಬೋರ್ಡ್ ಎಂಟು ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತಿತ್ತು, ನೀರು ಕಲ್ಲಾಗುವ ಚಳಿ.

"ಬಂದ ಹೊಸದ್ರಲ್ಲಿ ಈ ಬಿಸಿಲು ನಂಬ್ಕೊಂಡು ಬರೀ ಸೀರೇಲಿ ಹಪ್ಪಳ ಒಣಗಿಸೋಕೆ ಹೊರಟಿದ್ದೆ ಕಣೇ. ತಣ್ಣನೆ ಬಿಸಿಲು! ಇದ್ರಲ್ಲಿ ಯಾವ್ದು ಸುಳ್ಳು? ಎರಡೂ ನಿಜ ಆದಾಗ್ಲೇ ಆ ಮಾತಿಗೆ ಜೀವ. ನಿನ್ನ ಅಳೂನೂ ನಿಜ, ನಗೂನೂ ನಿಜ. ತಗೋ, ಮಗೂನ ಎತ್ಕೋ."

ಎತ್ತಿಕೊಂಡೆ. ನಾನು ಅಂಕ ಗಿಟ್ಟಿಸಿಕೊಂಡಿದ್ದ ಅಲಂಕಾರ ಅವತ್ತು ನನಗೆ ಅರ್ಥವಾಯಿತು. ನನ್ನ ಮಗಳನ್ನು ನನ್ನ ಕೈಗೆ ಕೊಟ್ಟವರು ಅವರು. ಆ ಋಣ ದೊಡ್ಡದು.

ಆಮೇಲೆ ಆಂಟಿ ಮೈಸೂರಿಗೆ ಮರಳಿದರು. ಹೋದ ತಿಂಗಳು ಅವರು ತೀರಿಕೊಂಡರೆಂದು ಫೋನ್ ಬಂದಾಗ ನಾನು ಮಗಳ ಹುಟ್ಟುಹಬ್ಬದ ಕೇಕಿಗೆ ಕ್ರೀಮ್ ಹಚ್ಚುತ್ತಿದ್ದೆ. ನನ್ನ ಕಣ್ಣೀರು ನೋಡಿ ಮಗಳು, "ಅಮ್ಮಾ, ಶುಡ್ ವಿ ಕ್ಯಾನ್ಸಲ್?" ಅಂದಳು.

"ಬೇಡ ಪುಟ್ಟಿ," ಅಂದೆ. ಅಳುತ್ತಲೇ ಕ್ರೀಮ್ ಹಚ್ಚಿ ಮುಗಿಸಿದೆ. ಸಂಜೆ ಅವಳು ಕ್ಯಾಂಡಲ್ ಊದಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನೇ.