ಚಿಲಕನ ಮೂರನೆಯ ಕೀಲಿ

ಬೀಗದಪ್ಪನಿಗೆ ಕಸುಬು ಕಲಿಸಿದ್ದು ಯಾವ ಗುರುವೂ ಅಲ್ಲ, ಹೊಟ್ಟೆಕಿಚ್ಚು. ಚಿಕ್ಕವನಿದ್ದಾಗ ಅವನ ಅಮ್ಮ ಒಳ್ಳೆಯದೇನೇ ಬಂದರೂ ದೊಡ್ಡ ಮಗನಿಗೆಂದು ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತಿದ್ದಳು. ಅಣ್ಣನಿಗಿರುವುದು ತನಗೇಕಿಲ್ಲ ಎಂದು ಕುದಿದು ಕುದಿದು, ಹುಡುಗ ಒಂದು ತಂತಿ ಬಗ್ಗಿಸಿ ಆ ಬೀಗದ ಹೊಟ್ಟೆಯೊಳಗೆ ಆಡಿಸುವುದನ್ನು ಕಲಿತ. ಕೊನೆಗೊಂದು ದಿನ ಅದು ತೆರೆದಾಗ ಒಳಗಿದ್ದದ್ದು ಅಣ್ಣನ ಹಳೆಯ ಸ್ವೆಟರು. ಬಿಚ್ಚಿ, ಇವನ ಅಳತೆಗೇ ಮತ್ತೆ ಹೆಣೆಯಲೆಂದು ಎತ್ತಿಟ್ಟದ್ದು. ನಾಚಿಕೆಯಾಯಿತು. ಆದರೆ ಅಷ್ಟರಲ್ಲಿ ಕೈಗೆ ವಿದ್ಯೆ ಹತ್ತಿತ್ತು, ಎದೆಗೆ ಕಿಚ್ಚು ಹತ್ತಿತ್ತು. ಎರಡೂ ಬಿಡಲಿಲ್ಲ.

ಈಗ ಅವನಿಗೆ ಅರವತ್ತರ ಹತ್ತಿರ. ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ, ನೆಟ್ಟಗೆ ನಿಂತರೆ ತಲೆ ತಾಗುವ ಗೂಡಿನಲ್ಲಿ ಅಂಗಡಿ. ಗೋಡೆ ತುಂಬ ಮೊಳೆ, ಮೊಳೆ ತುಂಬ ಕೀಲಿ. ಗಾಳಿ ಬಂದರೆ ಇಡೀ ಗೋಡೆ ಕಿಣಿಕಿಣಿ ಎನ್ನುತ್ತದೆ. ಅರ ಉಜ್ಜುವ ಮೇಜಿನ ಕೆಳಗೆ, ಹಿತ್ತಾಳೆಯ ಪುಡಿ ಉದುರುವಲ್ಲೇ, ಅವನ ನಾಯಿ ಮಲಗಿರುತ್ತದೆ. ಮರಿಯಾಗಿದ್ದಾಗಲೇ ಅದು ಬಾಗಿಲಿಗೆ ಬೆನ್ನು ಕೊಟ್ಟು ಮಲಗಿಬಿಡುತ್ತಿತ್ತು. ಹೊರಗಿನಿಂದ ತಳ್ಳಿದರೂ ಬಾಗಿಲು ತೆರೆಯುತ್ತಿರಲಿಲ್ಲ. ಅದಕ್ಕೇ ಚಿಲಕ ಎಂದು ಹೆಸರಿಟ್ಟ.

ಮಕ್ಕಳಿಲ್ಲದ ಅವನ ಮನೆಯಲ್ಲಿ ಚಿಲಕನದೇ ರಾಜ್ಯ. ಆದರೆ ಅದಕ್ಕೆ ರಾಜ ಮಾತ್ರ ಬೀಗದಪ್ಪನೊಬ್ಬನೇ. ಹೆಂಡತಿ ಅನ್ನ ಹಾಕಿದರೂ ಅದು ಮೊದಲು ಇವನ ಮುಖ ನೋಡಿ ಆಮೇಲೆ ಬಾಯಿ ಹಾಕುತ್ತಿತ್ತು. "ಬೇಯಿಸೋಳು ನಾನು, ಬಾಲ ಆಡ್ಸೋದು ನಿಮಗೆ" ಎಂದು ಅವಳು ಗೊಣಗಿದಾಗ ಬೀಗದಪ್ಪ ಮೀಸೆಯಡಿ ನಗುತ್ತಿದ್ದ. ಆ ನಗುವಿನಲ್ಲಿ ಸಣ್ಣದೊಂದು ಗೆಲುವಿತ್ತು.

ಒಂದು ಬೇಸಿಗೆಯಲ್ಲಿ ಚಿಲಕನ ಕೊರಳ ಪಟ್ಟಿ ಬಿಗಿಯಾಗತೊಡಗಿತು. ದಪ್ಪಗಾಗಿದೆ ಎಂದುಕೊಂಡು ಬೀಗದಪ್ಪ ಪಟ್ಟಿಗೆ ಇನ್ನೊಂದು ತೂತು ಕೊರೆದ. ತೂತು ಕೊರೆದು ಕಟ್ಟುವಾಗ ಬೆರಳಿಗೆ ತಾಗಿದವು: ದವಡೆಯ ಕೆಳಗೆ, ಎರಡೂ ಕಡೆ, ನಿಂಬೆಹಣ್ಣಿನಂಥ ಗಂಟುಗಳು.

ದೊಡ್ಡ ಪಶು ಆಸ್ಪತ್ರೆಯ ಡಾಕ್ಟರಮ್ಮ ಪರೀಕ್ಷೆ ಮಾಡಿ, ಕನ್ನಡಕ ತೆಗೆದು ಹೇಳಿದರು. "ಕ್ಯಾನ್ಸರ್, ಯಜಮಾನರೇ. ಇಲ್ಲಿ ಒಂದು ಹೊಸ ಮದ್ದು ಪರೀಕ್ಷೆ ಮಾಡ್ತಾ ಇದ್ದೀವಿ. ಒಪ್ಪಿದ್ರೆ ಇವನನ್ನೂ ಸೇರಿಸ್ಕೋತೀವಿ."

"ಪರೀಕ್ಷೆ ಅಂದ್ರೆ... ಕೊಯ್ತೀರಾ?"

"ಅಯ್ಯೋ, ಇಲ್ಲಪ್ಪ. ವಾರಕ್ಕೊಂದು ಸೂಜಿ, ಸಂಜೆ ಮನೆಗೆ. ಇಲಿಗಾದ್ರೆ ನಾವೇ ರೋಗ ಹತ್ತಿಸಬೇಕು. ನಾಯಿಗೆ ಅದಾಗೇ ಬರುತ್ತೆ, ನಮ್ಮ ಮನೆಲೇ ಇದ್ದು, ನಮ್ಮ ಗಾಳಿನೇ ಕುಡ್ಕೊಂಡು. ಮನುಷ್ಯರಿಗೆ ಬರೋದೂ ಹೆಚ್ಚುಕಮ್ಮಿ ಹೀಗೇ. ಇವಕ್ಕೆ ಒಳ್ಳೇದಾದ್ರೆ ನಾಳೆ ನಮಗೂ ದಾರಿ ಆಗಬಹುದು. ಆದ್ರೆ ವಾಸಿ ಆಗೇ ಆಗುತ್ತೆ ಅಂತ ಮಾತು ಕೊಡಲ್ಲ."

ಒಂದೇ ಒಂದು ಕಟ್ಟುಪಾಡು: ಸೂಜಿ ಹಾಕಿದರೆ ಮಂಪರು ಬರುವುದರಿಂದ ಆ ದಿನ ಬೆಳಗ್ಗೆಯಿಂದ ಖಾಲಿ ಹೊಟ್ಟೆ. ನೀರು ಬಿಟ್ಟರೆ ಬೇರೇನೂ ಕೊಡುವಂತಿಲ್ಲ.

ಸೂಜಿ ಹಾಕುವವಳು ಒಬ್ಬ ನರ್ಸು. ಎಲ್ಲರೂ ಅವಳನ್ನು ಸಿಸ್ಟರಮ್ಮ ಎನ್ನುತ್ತಿದ್ದರು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಏನೋ ಗುನುಗುತ್ತಾ ಸೂಜಿ ಚುಚ್ಚುವಳು. ಮೊದಲ ಸಲ ಚಿಲಕ ನಡುಗಿತು. ಮೂರನೆಯ ಸಲ ಬಾಲ ಆಡಿಸಿತು. ಅದರ ಮುಂದಿನ ವಾರ ಆಸ್ಪತ್ರೆಯ ಗೇಟು ಕಂಡದ್ದೇ ತಡ, ಹಗ್ಗವನ್ನು ಬೀಗದಪ್ಪನ ಕೈಯಿಂದ ಕಿತ್ತುಕೊಂಡು ಓಡಿತು.

"ಬಂದ್ಯಾ ನನ್ನ ಬಂಗಾರ!" ಒಳಗಿನಿಂದ ಸಿಸ್ಟರಮ್ಮನ ದನಿ.

ನನ್ನ ಬಂಗಾರವಂತೆ. ಬೀಗದಪ್ಪ ಹೊರಗಿನ ಬೆಂಚಿನ ಮೇಲೆ ಕೂತ. ಅಂಗೈಯಲ್ಲಿ ಹಗ್ಗ ಉಜ್ಜಿದ ಗೆರೆ ಉರಿಯುತ್ತಿತ್ತು.

ಗಂಟುಗಳು ಕರಗುತ್ತಾ ಬಂದವು. ನಿಂಬೆಹಣ್ಣು ಹೋಗಿ ಕಡಲೆಕಾಳಾಯಿತು. ಕುಣಿದಾಡಬೇಕಾದ ಮನುಷ್ಯ ಮಂಕಾದ. ಆಸ್ಪತ್ರೆಯಿಂದ ಬಂದರೆ ಚಿಲಕ ಸುಸ್ತಾಗಿ ಅಂಗಡಿಯ ಮೇಜಿನಡಿ ಬಿದ್ದುಕೊಳ್ಳುತ್ತಿತ್ತು. ಕರೆದರೆ ಒಂದು ಕಣ್ಣು ತೆರೆದು ಮುಚ್ಚುತ್ತಿತ್ತು. ಕುಣಿತವೆಲ್ಲ ಅಲ್ಲಿ, ನಿದ್ದೆಯೆಲ್ಲ ಇಲ್ಲಿ.

"ಜೀವ ಉಳಿಸ್ತಿರೋಳ ಮೇಲೆ ಹೊಟ್ಟೆಕಿಚ್ಚಾ ನಿಮಗೆ?" ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಆ ಬೆಂಕೀಲಿ ಒಂದು ಹಂಡೆ ನೀರು ಕಾಯಿಸಬಹುದು ನೋಡಿ!"

"ಹೋಗೇ, ನಿಂಗೇನು ಗೊತ್ತು."

"ನಂಗಲ್ದೆ ಇನ್ಯಾರಿಗೆ ಗೊತ್ತು? ಇಷ್ಟು ವರ್ಷದಿಂದ ನಾನು ಪಟ್ಟಿದ್ದೂ ಅದೇ ಅಲ್ವಾ. ಒಂದು ದಿನಾನಾದ್ರೂ ಕೇಳಿದ್ರಾ?"

ಬೀಗದಪ್ಪ ಚಪ್ಪಲಿ ಮೆಟ್ಟಿ ಅಂಗಡಿಗೆ ಹೊರಟುಬಿಟ್ಟ. ಬುದ್ಧಿ ಮಾತ್ರ ಬರಲಿಲ್ಲ.

ಮುಂದಿನ ಸೂಜಿಯ ದಿನ ಬೆಳಗ್ಗೆ ಅಂಗಡಿಯ ಬಾಗಿಲು ಅರ್ಧ ಎಳೆದು, ಅವನು ಬಟ್ಟಲಲ್ಲಿ ಹಾಲು ಸುರಿದು ಚಿಲಕನ ಮುಂದೆ ಇಟ್ಟ. ಹಸಿದಿದ್ದ ನಾಯಿ ತಲೆಯೆತ್ತಿತು, ಅವನ ಮುಖ ನೋಡಿತು, ಆಮೇಲೆ ಬಾಯಿ ಹಾಕಿತು. ಬಾಲ ಮೇಜಿನ ಕಾಲಿಗೆ ಟಪ್ ಟಪ್ ಎಂದು ಬಡಿಯಿತು. ಬೀಗದಪ್ಪನ ಕಣ್ಣು ತುಂಬಿತು. ಬಟ್ಟಲನ್ನು ತೊಳೆದು ಒರೆಸಿಟ್ಟ.

"ಏನೂ ತಿಂದಿಲ್ಲ ತಾನೆ, ಅಣ್ಣ?" ಸಿಸ್ಟರಮ್ಮ ಎಂದಿನಂತೆ ಕೇಳಿದಳು.

"ಇಲ್ಲ."

ಸ್ವಲ್ಪ ಹೊತ್ತಿಗೆ ಅವಳು ಹೊರಗೆ ಬಂದಳು. ಬಟ್ಟೆಯೆಲ್ಲ ಒದ್ದೆ, ಮುಖ ಬಿಳಿಚಿತ್ತು. ಸೂಜಿ ಹಾಕಿ ಮುಗಿಯುತ್ತಲೇ ಚಿಲಕ ವಾಂತಿ ಮಾಡಿಕೊಂಡಿತ್ತು, ಬರೀ ಬಿಳಿ ನೊರೆ. "ಈಗ ಪರವಾಗಿಲ್ಲ, ಮಲಗಿದಾನೆ. ಆದ್ರೆ ಮದ್ದು ಒಗ್ತಾ ಇಲ್ಲ ಅಂತ ಕಾಣುತ್ತೆ ಅಣ್ಣ. ಇವನಿಗೆ ನಿಲ್ಲಿಸೋದೇ ವಾಸಿ ಅಂತಿದಾರೆ ಡಾಕ್ಟರಮ್ಮ. ಮಿಕ್ಕ ನಾಯಿಗಳಿಗೂ ಮದ್ದು ಕಮ್ಮಿ ಮಾಡಬೇಕಾಗಬಹುದು." ಅವಳು ಬಟ್ಟೆಯ ಮೇಲಿನ ನೊರೆ ಒರೆಸಿಕೊಂಡಳು. "ಎಷ್ಟು ಚೆನ್ನಾಗಿ ಕರಗ್ತಾ ಇತ್ತು..."

ನಿಲ್ಲಿಸುತ್ತಾರೆ. ಆ ಮಾತು ಕಿವಿಗೆ ಬಿದ್ದ ಕ್ಷಣ ಬೀಗದಪ್ಪನ ಎದೆಯಲ್ಲಿ ಯಾವುದೋ ಒಂದು ಸಣ್ಣ ಬೀಗ ಟಕ್ಕೆಂದು ತೆರೆದುಕೊಂಡಿತು. ಇನ್ನು ಈ ಗೇಟಿಲ್ಲ, ಈ ತೊಡೆಯಿಲ್ಲ, ನನ್ನ ಬಂಗಾರವಿಲ್ಲ. ಚಿಲಕ ಇನ್ನು ಅವನೊಬ್ಬನದೇ. ಎಷ್ಟು ದಿನ? ಗಂಟು ಮತ್ತೆ ನಿಂಬೆಹಣ್ಣಾಗುವಷ್ಟು ದಿನ. ಆಮೇಲೆ ಕೊರಳ ಪಟ್ಟಿಗೆ ಇನ್ನೊಂದು ತೂತು.

"ಸಿಸ್ಟರಮ್ಮ," ಎಂದ. "ಅದು ಮದ್ದಲ್ಲ. ಹಾಲು. ನಾನೇ ಕುಡಿಸಿದೆ."

ಅವಳು ನೇರ ಅವನ ಮುಂದೆ ಬಂದು ನಿಂತಳು. "ಯಾಕೆ? ಮಂಪರಲ್ಲಿ ಅದು ಶ್ವಾಸಕ್ಕೆ ಹೋಗಿದ್ರೆ ಸತ್ತೇ ಹೋಗ್ತಿತ್ತು! ಯಾಕೆ ಕೊಟ್ರಿ?"

"ನಿಮ್ಮನ್ನ ಕಂಡ್ರೆ ಕುಣಿಯುತ್ತೆ. ನನ್ನ ಕಂಡ್ರೆ ಮಲಗುತ್ತೆ."

ಏನಾದರೂ ಸಮಾಧಾನ ಹೇಳುತ್ತಾಳೆಂದು ಅವನು ಕಾದ. ಅವಳು ಹೇಳಲಿಲ್ಲ. "ಹೌದು, ಅವನಿಗೆ ನಾನಂದ್ರೆ ಇಷ್ಟ," ಎಂದಳು. "ನನಗೂ ಅವನಂದ್ರೆ ಇಷ್ಟ. ಅದಕ್ಕೇನೀಗ?"

ಡಾಕ್ಟರಮ್ಮ ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. ಚಿಲಕನನ್ನು ಬಿಡುವುದಿಲ್ಲ, ಆದರೆ ಒಂದು ಷರತ್ತು ಎಂದರು. ಇನ್ನು ಮುಂದೆ ಸೂಜಿಯ ಹಿಂದಿನ ಸಂಜೆಯೇ ತಂದು ಬಿಡಬೇಕು. ರಾತ್ರಿ ಅದು ಆಸ್ಪತ್ರೆಯಲ್ಲೇ ಇರುತ್ತದೆ, ಸಿಸ್ಟರಮ್ಮನ ಕಣ್ಗಾವಲಿನಲ್ಲಿ.

ಸುದ್ದಿ ಕೇಳಿ ಹೆಂಡತಿ ನಗಲಿಲ್ಲ. "ಕಳ್ಕೊಳ್ಳೋದಕ್ಕಿಂತ ಹಂಚ್ಕೊಳ್ಳೋದು ಮೇಲು ಕಣ್ರೀ," ಎಂದಳು. "ಬೇಕಾದ್ರೆ ನನ್ನ ಕೇಳಿ. ಅಭ್ಯಾಸ ಇದೆ."

ಆ ಸಂಜೆ ಬಂತು. ಚಿಲಕ ಎಂದಿನಂತೆ ಹಗ್ಗ ಕಿತ್ತುಕೊಂಡು ಓಡಿತು. ಹಿಂದೆ ಹೋದ ಬೀಗದಪ್ಪ ರಾತ್ರಿ ನಾಯಿಯನ್ನು ಇಡುವ ಗೂಡಿನ ಬಾಗಿಲು ನೋಡಿದ. ಬಾಗಿಲ ಅಗುಳಿ ಸಡಿಲ, ಬೀಗಕ್ಕೆ ತುಕ್ಕು. ಸಿಸ್ಟರಮ್ಮ ಅದಕ್ಕೊಂದು ಬ್ಯಾಂಡೇಜು ಸುತ್ತಿ ಕಟ್ಟಿದ್ದಳು.

"ಹೀಗಾದ್ರೆ ಇವನು ಆಚೆ ಬಂದು ಎಲ್ರ ಊಟಾನೂ ಮುಗಿಸ್ತಾನೆ," ಎಂದು ಗೊಣಗಿ, ಕಸುಬಿನ ಸಾಮಾನಿನ ಜೋಳಿಗೆ ಬಿಚ್ಚಿ ನೆಲಕ್ಕೆ ಕೂತ. ಹಳೆಯದನ್ನು ಕಿತ್ತು, ಜೋಳಿಗೆಯಲ್ಲಿದ್ದ ಹೊಸ ಬೀಗ ತೆಗೆದು ಜಡಿದ. ಎಣ್ಣೆ ಬಿಟ್ಟ, ನಾಲ್ಕು ಸಲ ಹಾಕಿ ತೆಗೆದು ನೋಡಿದ. ತನ್ನ ನಾಯಿಯನ್ನು ಇನ್ನೊಬ್ಬಳ ಬಳಿ ಭದ್ರವಾಗಿ ಇಡುವ ಬೀಗ. ಅಷ್ಟು ನುಣ್ಣಗೆ ತಿರುಗುವ ಬೀಗವನ್ನು ಅವನು ಯಾವ ಗಿರಾಕಿಗೂ ಹಾಕಿಕೊಟ್ಟಿರಲಿಲ್ಲ.

ಎರಡು ಕೀಲಿ ಅವಳ ಕೈಗಿಟ್ಟ. ಒಳಗಿನಿಂದ ಚಿಲಕ ಮೊದಲು ಅವಳನ್ನು ನೋಡಿತು, ಆಮೇಲೆ ಅವನನ್ನು. ಬೀಗದಪ್ಪ ಅದನ್ನೂ ಗಮನಿಸಿದ.

"ಎರಡೇನಾ, ಅಣ್ಣ?" ಸಿಸ್ಟರಮ್ಮ ಕೇಳಿದಳು.

"ಎರಡೇ," ಎಂದು ಅವನು ಹೊರಟ.

ಮೂರನೆಯದು ಅಂಗಡಿಯ ಗೋಡೆಯಲ್ಲಿ, ಅರ ಉಜ್ಜುವ ಮೇಜಿನ ಮೇಲಿನ ಮೊಳೆಗೆ ಈಗಲೂ ತೂಗುತ್ತಿದೆ. ಗಿರಾಕಿಗಳು ಅದನ್ನು ಮುಟ್ಟಿದರೆ ಬೀಗದಪ್ಪ ಗದರುತ್ತಾನೆ. ಚಿಲಕ ಮನೆಯಲ್ಲಿಲ್ಲದ ಸಂಜೆಗಳಲ್ಲಿ ಅದನ್ನು ಇಳಿಸಿ ಜೇಬಿಗೆ ಹಾಕಿಕೊಂಡು ಮನೆಗೆ ಹೋಗುತ್ತಾನೆ. ಅದರಿಂದ ಆ ಗೂಡನ್ನು ಅವನು ಒಮ್ಮೆಯೂ ತೆರೆದಿಲ್ಲ.